ಸಂಘ ಕಟ್ಟಿದ ಅಕ್ಕಂದಿರು



ಕಾರ್ಮಿಕ ಚಳವಳಿಯ ಚರಿತ್ರೆಯಲ್ಲಿ ಹೆಂಗಸರೇ ಇಲ್ಲ ಎಂದು ಯಾರೂ ಹೇಳಲಾರರು. ಮೆರವಣಿಗೆಯ ಫೋಟೊಗಳಲ್ಲಿ ಮುಂದಿನ ಸಾಲು ಅವರದೇ. ಲಾಠಿ ಏಟು ತಿಂದವರಲ್ಲಿ, ಕೆಲಸ ಕಳೆದುಕೊಂಡವರಲ್ಲಿ, ಮುಷ್ಕರದ ದಿನಗಳಲ್ಲಿ ಸಾಲಸೋಲ ಮಾಡಿ ಒಲೆ ಉರಿಸಿದವರಲ್ಲಿ ಅವರಿದ್ದಾರೆ. ಒಪ್ಪಂದದ ಕಾಗದವನ್ನು ತಿರುವಿ ನೋಡಿದರೆ ಮಾತ್ರ, ಕೆಳಗೆ ಸಹಿ ಹಾಕಿದವರಲ್ಲಿ ಅವರ ಹೆಸರು ಅಪರೂಪ. ಮುಷ್ಕರದ ಬೀದಿಯಿಂದ ಮಾತುಕತೆಯ ಕೋಣೆಯ ತನಕ ಒಬ್ಬ ಕೆಲಸಗಾರ್ತಿ ಹೋಗಿ ಮುಟ್ಟುವುದು ಹೇಗೆ, ಆ ದಾರಿಯಲ್ಲಿ ಅವಳ ಜೊತೆ ಯಾರಿರುತ್ತಾರೆ ಎಂಬುದು ಇವತ್ತು ನಾನು ಆರಿಸಿಕೊಂಡ ವಿಷಯ.

ನನ್ನ ನಂಬಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಾಳುತನ ಹುಟ್ಟುಗುಣ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಧೈರ್ಯ ಹುಟ್ಟಿನಿಂದ ಬರಬಹುದು. ಅರ್ಜಿ ಬರೆಯುವುದು, ಲೆಕ್ಕ ಇಡುವುದು, ಕಾಯ್ದೆಯ ಕಲಮನ್ನು ಮಾಲೀಕನ ಎದುರಿಗೇ ಓದಿ ಹೇಳುವುದು, ಹತ್ತು ಜನ ಹತ್ತು ಮಾತಾಡುವ ಸಭೆಯನ್ನು ಒಂದು ತೀರ್ಮಾನಕ್ಕೆ ತರುವುದು ಹಾಗೆ ಬರುವುದಿಲ್ಲ. ಬಲ್ಲವರು ಪಕ್ಕದಲ್ಲಿ ಕೂತು ಕಲಿಸಬೇಕು. ಕಲಿಸಿದ ಮೇಲೆ ಕುರ್ಚಿ ಬಿಟ್ಟು ಏಳಬೇಕು. ಕಲಿಸುವುದಕ್ಕಿಂತ ಏಳುವುದು ಕಷ್ಟ. ನಮ್ಮ ಸಂಘಗಳು ಎಡವಿದ್ದು ಹೆಚ್ಚಾಗಿ ಅಲ್ಲೇ.

ಈ ಮಾತಿಗೆ ಆಧಾರ ಬೇಕೆಂದರೆ ಅಹಮದಾಬಾದಿನ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು.

ಅನಸೂಯಾ ಸಾರಾಭಾಯಿ 1885ರಲ್ಲಿ ಗಿರಣಿ ಮಾಲೀಕರ ಮನೆತನದಲ್ಲಿ ಹುಟ್ಟಿದವರು. ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡರು. ಹದಿಮೂರಕ್ಕೆ ಮದುವೆಯಾಯಿತು, ಆ ಸಂಸಾರ ನಿಲ್ಲಲಿಲ್ಲ. ತಮ್ಮ ಅಂಬಾಲಾಲರ ಒತ್ತಾಸೆಯಿಂದ 1912ರಲ್ಲಿ ವೈದ್ಯಕೀಯ ಓದಲೆಂದು ಇಂಗ್ಲೆಂಡಿಗೆ ಹೋದರು. ಪ್ರಾಣಿಗಳನ್ನು ಕೊಯ್ದು ಕಲಿಯುವುದು ಅವರ ಜೈನ ಮನಸ್ಸಿಗೆ ಒಗ್ಗಲಿಲ್ಲ. ಅದನ್ನು ಬಿಟ್ಟು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಅಲ್ಲಿ ಸಮಾಜವಾದಿಗಳ ಮಾತು ಕಿವಿಗೆ ಬಿತ್ತು, ಮತದ ಹಕ್ಕಿಗಾಗಿ ಬೀದಿಗಿಳಿದ ಹೆಂಗಸರು ಕಣ್ಣಿಗೆ ಬಿದ್ದರು. ಊರಿಗೆ ಮರಳಿ ಗಿರಣಿ ಕೆಲಸಗಾರರ ಮಕ್ಕಳಿಗೆ ಶಾಲೆ ತೆರೆದರು. ಒಂದು ಬೆಳಿಗ್ಗೆ ಅಂಗಳದಲ್ಲಿ ಕೂತು ಮಕ್ಕಳ ತಲೆ ಬಾಚುತ್ತಿದ್ದಾಗ ಒಂದಷ್ಟು ಹೆಂಗಸರು ಮೈಮೇಲೆ ಎಚ್ಚರವಿಲ್ಲದವರಂತೆ ನಡೆದು ಹೋಗುತ್ತಿದ್ದುದನ್ನು ಕಂಡರು. ಏನಾಯಿತೆಂದು ಕೇಳಿದರೆ, ಎರಡು ರಾತ್ರಿ ಒಂದು ಹಗಲು, ಒಟ್ಟು 36 ಗಂಟೆ ಬಿಡುವಿಲ್ಲದೆ ಗಿರಣಿಯಲ್ಲಿ ದುಡಿದು ಮನೆಗೆ ಹೋಗುತ್ತಿದ್ದೇವೆ ಅಂದರು. ಅನಸೂಯಾ ತಮ್ಮ ಬದುಕು ತಿರುಗಿದ್ದು ಆ ಬೆಳಿಗ್ಗೆ ಎಂದೇ ನೆನೆಯುತ್ತಿದ್ದರು.

1917ರ ಡಿಸೆಂಬರಿನಲ್ಲಿ ವಾರ್ಪಿಂಗ್ ಖಾತೆಯ ಕೆಲಸಗಾರರು ಮುಷ್ಕರ ಹೂಡಿದಾಗ ಅವರ ಮುಂದೆ ನಿಂತವರು ಅನಸೂಯಾ. ಮರುವರ್ಷ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಪ್ಲೇಗ್ ಕಾಲದಲ್ಲಿ ಕೊಡುತ್ತಿದ್ದ ಬೋನಸ್ ನಿಲ್ಲಿಸಿದ ಮೇಲೆ ನಡೆದ ದೊಡ್ಡ ಹೋರಾಟ ನಮಗೆಲ್ಲ ಗೊತ್ತಿರುವುದು ಗಾಂಧೀಜಿಯ ಉಪವಾಸದಿಂದ. ಕೆಲಸಗಾರರು ಕೇಳಿದ್ದು ಶೇ. 35 ಹೆಚ್ಚಳ, ಮಾಲೀಕರು ಕೊಡುತ್ತೇವೆಂದದ್ದು ಶೇ. 20. ಮಾಲೀಕರ ಕಡೆಯ ಮುಂದಾಳು ತಮ್ಮ, ಕೆಲಸಗಾರರ ಕಡೆಯ ಮುಂದಾಳು ಅಕ್ಕ. ಸಾಬರಮತಿಯ ದಡದಲ್ಲಿ ಜಾಲಿಮರದ ಕೆಳಗೆ ದಿನವೂ ಸಭೆ. ಗಾಂಧೀಜಿ ಬರೆದ ಕರಪತ್ರಗಳು ಹೊರಬೀಳುತ್ತಿದ್ದುದು ಅನಸೂಯಾ ಅವರ ಹೆಸರಿನಲ್ಲಿ. ಪಂಚಾಯ್ತಿಗೆ ನೇಮಕವಾದ ಆನಂದಶಂಕರ ಧ್ರುವ ಕೊನೆಗೆ ಶೇ. 35ನ್ನೇ ಕೊಡಿಸಿದರು. 1920ರ ಫೆಬ್ರವರಿ 25ರಂದು ಈ ಗಿರಣಿ ಕೆಲಸಗಾರರ ಮಜೂರ್ ಮಹಾಜನ ಸಂಘ ಸ್ಥಾಪನೆಯಾಯಿತು. ಕೆಲಸಗಾರರು ಅನಸೂಯಾ ಅವರನ್ನು ಮೋಟಾಬೆನ್ ಎಂದು ಕರೆದರು, ಎಂದರೆ ದೊಡ್ಡಕ್ಕ.

ಆ ಕಾಲದ ಬೇರೆ ಮುಂದಾಳು ಹೆಂಗಸರನ್ನು ನೋಡಿ. ಬಂಗಾಳದ ಸೆಣಬಿನ ಗಿರಣಿಗಳಲ್ಲಿ ಸಂತೋಷಕುಮಾರಿ ದೇವಿ, ಪ್ರಭಾವತಿ ದಾಸ್‌ಗುಪ್ತ. ಮುಂಬಯಿಯಲ್ಲಿ ಮಣಿಬೆನ್ ಕಾರಾ. ಎಲ್ಲರೂ ಓದು ಬರಹ ಬಲ್ಲ, ಅನುಕೂಲವಂತ ಮನೆಗಳಿಂದ ಬಂದವರು. ಅವರ ತ್ಯಾಗವನ್ನು ನಾನು ಕಿರಿದು ಮಾಡುತ್ತಿಲ್ಲ. ದಾರಿಯೇ ಇಲ್ಲದ ಕಡೆ ಅವರು ದಾರಿ ಮಾಡಿದರು. ಆದರೆ 36 ಗಂಟೆ ದುಡಿದು ನಡೆದು ಹೋದ ಆ ಹೆಂಗಸರಲ್ಲಿ ಒಬ್ಬಳಾದರೂ ಸಂಘದ ಕಚೇರಿಯಲ್ಲಿ ಮೇಜಿನ ಆಚೆ ಕೂರುವ ಕಾಲ ಯಾವಾಗ ಬರುತ್ತದೆ ಎಂಬ ಪ್ರಶ್ನೆ ಹಾಗೇ ಉಳಿಯಿತು. 1926ರ ಟ್ರೇಡ್ ಯೂನಿಯನ್ ಕಾಯ್ದೆ ಪದಾಧಿಕಾರಿಗಳಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಆ ಉದ್ಯಮದಲ್ಲೇ ದುಡಿಯುವವರಿರಬೇಕು ಎಂದಿತು. ಅವರಲ್ಲಿ ಹೆಂಗಸರೆಷ್ಟಿರಬೇಕು ಎಂದು ಹೇಳಲಿಲ್ಲ.

ಇಳಾ ಭಟ್ ಬರುವುದು ಇಲ್ಲಿ. 1933ರಲ್ಲಿ ಹುಟ್ಟಿ, ಕಾನೂನು ಓದಿ, 1955ರಲ್ಲಿ ಮಜೂರ್ ಮಹಾಜನದ ಕಾನೂನು ವಿಭಾಗಕ್ಕೆ ಕೆಲಸಕ್ಕೆ ಸೇರಿದವರು. ಅನಸೂಯಾ ಆಗಿನ್ನೂ ಇದ್ದರು. ಆ ಹಿರಿಯರ ನೆರಳಿನಲ್ಲೇ ಇಳಾ ಸಂಘದ ಕೆಲಸ ಕಲಿತರು. 1968ರಲ್ಲಿ ಮಹಿಳಾ ವಿಭಾಗ ಅವರ ಪಾಲಿಗೆ ಬಂತು. ಗಿರಣಿ ಕೆಲಸಗಾರರ ಹೆಂಡತಿ ಮಕ್ಕಳಿಗೆ ಹೊಲಿಗೆ, ಕಸೂತಿ ಹೇಳಿಕೊಡುವ ವಿಭಾಗ ಅದು. ಗಿರಣಿಗಳು ಮುಚ್ಚಿ ಸಾವಿರಾರು ಗಂಡಸರು ಕೆಲಸ ಕಳೆದುಕೊಂಡಾಗ ಆ ಮನೆಗಳನ್ನು ನೋಡಿ ಬರಲು ಹೋದ ಇಳಾ ಅವರಿಗೆ ಕಂಡದ್ದು ಬೇರೆ ಚಿತ್ರ. ಮನೆ ನಡೆಯುತ್ತಿದ್ದುದು ಹೆಂಗಸರ ಸಂಪಾದನೆಯಿಂದ. ತರಕಾರಿ ಮಾರುವವರು, ಹಳೆ ಬಟ್ಟೆ ವ್ಯಾಪಾರ ಮಾಡುವವರು, ಬೀಡಿ ಕಟ್ಟುವವರು, ತಲೆಹೊರೆ ಹೊರುವವರು. ಅವರ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರಲಿಲ್ಲ.

ಬಟ್ಟೆ ಮಾರುಕಟ್ಟೆಯಲ್ಲಿ ತಲೆಹೊರೆ ಹೊರುತ್ತಿದ್ದ ಹೆಂಗಸರ ಪ್ರಸಂಗ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. 1971ರಲ್ಲಿ ಆ ಹೆಂಗಸರ ಕೂಲಿಯ ಅನ್ಯಾಯದ ಬಗ್ಗೆ ಇಳಾ ಸ್ಥಳೀಯ ಪತ್ರಿಕೆಗೆ ಲೇಖನ ಬರೆದರು. ವ್ಯಾಪಾರಿಗಳು ಸುಮ್ಮನಿರಲಿಲ್ಲ; ನಾವು ನ್ಯಾಯವಾದ ದರವನ್ನೇ ಕೊಡುತ್ತಿದ್ದೇವೆ ಎಂದು ತಾವೂ ಪತ್ರಿಕೆಯಲ್ಲಿ ಬರೆಸಿದರು. ಇಳಾ ವಾದಕ್ಕೆ ಹೋಗಲಿಲ್ಲ. ವ್ಯಾಪಾರಿಗಳು ಹೇಳಿಕೊಂಡಿದ್ದನ್ನೇ ಚೀಟಿಗಳ ಮೇಲೆ ಅಚ್ಚು ಹಾಕಿಸಿ ಹೊರೆ ಹೊರುವ ಹೆಂಗಸರಿಗೆ ಹಂಚಿದರು. ಈಗ ಚೌಕಾಸಿ ಮಾಡಬೇಕಾದವರು ಆ ಹೆಂಗಸರೇ. ಅಂಗಡಿಯ ಮುಂದೆ ನಿಂತು, ನೀವೇ ಹೇಳಿದ್ದೀರಲ್ಲ, ಕೊಡಿ ಎಂದು ಕೇಳುವ ಸಾಧನ ಅವರ ಕೈಗೆ ಬಂತು. ಹಿರಿಯಳು ಮಾಡಬೇಕಾದ್ದು ಇಷ್ಟೇ ಎಂದು ನನಗೆ ಅನಿಸುತ್ತದೆ: ತನಗೆ ಗೊತ್ತಿರುವ ಕಾಗದದ ವಿದ್ಯೆಯನ್ನು ಕೇಳುವವಳ ಕೈಗೆ ಕೊಟ್ಟು, ಕೇಳುವ ಕೆಲಸವನ್ನು ಅವಳಿಗೇ ಬಿಡುವುದು.

1972ರ ಏಪ್ರಿಲಿನಲ್ಲಿ ಸೇವಾ, ಎಂದರೆ ಸ್ವಯಂ ಉದ್ಯೋಗಿ ಮಹಿಳೆಯರ ಸಂಘ, ನೋಂದಣಿಯಾಯಿತು. ಸುಲಭವಾಗಿ ಆಗಲಿಲ್ಲ. ಮಾಲೀಕನೇ ಇಲ್ಲದ ಮೇಲೆ ಯಾರ ವಿರುದ್ಧ ಸಂಘ ಎಂದು ಕಾರ್ಮಿಕ ಇಲಾಖೆಯ ತಕರಾರು. ಸಂಘ ಇರುವುದು ದುಡಿಯುವವರ ಒಗ್ಗಟ್ಟಿಗೆ ಎಂದು ಇಳಾ ವಾದಿಸಿ ಗೆದ್ದರು. ಮಜೂರ್ ಮಹಾಜನದ ಅಧ್ಯಕ್ಷ ಅರವಿಂದ ಬುಚ್ ಅವರೇ ಸೇವಾದ ಮೊದಲ ಅಧ್ಯಕ್ಷರಾದರು, ಇಳಾ ಕಾರ್ಯದರ್ಶಿ. ಅನಸೂಯಾ ತೀರಿಕೊಂಡದ್ದು ಅದೇ ವರ್ಷ. ಎರಡು ವರ್ಷದ ಮೇಲೆ ಹೆಂಗಸರ ಸ್ವಂತ ಸಹಕಾರಿ ಬ್ಯಾಂಕ್ ಬಂತು. ನಾಲ್ಕು ಸಾವಿರ ಮಂದಿ ತಲಾ ಹತ್ತು ರೂಪಾಯಿ ಷೇರು ಹಾಕಿದರು. ನಮ್ಮದೇ ಬ್ಯಾಂಕ್ ಯಾಕೆ ಇರಬಾರದು ಎಂದು ಸಭೆಯಲ್ಲಿ ಕೇಳಿದವಳು ಹಳೆ ಬಟ್ಟೆ ವ್ಯಾಪಾರದ ಹೆಂಗಸು. ಓದು ಬಾರದ ಖಾತೆದಾರರನ್ನು ಗುರುತಿಸಲು ಪಾಸ್‌ಬುಕ್ಕಿಗೆ ಅವರ ಫೋಟೊ ಅಂಟಿಸುವ ವ್ಯವಸ್ಥೆ ಮಾಡಿದರು.

ಆಮೇಲಿನದು ನೋವಿನ ಕಥೆ. 1981ರಲ್ಲಿ ವೈದ್ಯಕೀಯ ಸೀಟುಗಳ ಮೀಸಲಾತಿಯ ವಿರುದ್ಧ ಗುಜರಾತಿನಲ್ಲಿ ಗಲಭೆ ಎದ್ದಿತು. ದಲಿತರ ಮೇಲೆ ದಾಳಿಗಳಾದವು. ಇಳಾ ದಲಿತರ ಪರ ಬಹಿರಂಗವಾಗಿ ಮಾತಾಡಿದರು. ಮಜೂರ್ ಮಹಾಜನ ಅವರನ್ನೂ ಸೇವಾವನ್ನೂ ಹೊರಹಾಕಿತು. ಇಪ್ಪತ್ತೈದು ವರ್ಷ ದುಡಿದ ಮನೆ ಅದು. ಜಗಳದ ಬೇರು ಮೀಸಲಾತಿಯ ಪ್ರಶ್ನೆ ಒಂದರಲ್ಲೇ ಇತ್ತೆಂದು ನನಗೆ ಅನಿಸುವುದಿಲ್ಲ. ಮಹಿಳಾ ವಿಭಾಗ ಎಂಬ ಹೊಲಿಗೆ ತರಗತಿ ಲೆಕ್ಕಪತ್ರ, ಬ್ಯಾಂಕು, ಸ್ವಂತ ಧ್ವನಿ ಇರುವ ಸಂಘವಾಗಿ ಬೆಳೆದು ನಿಂತಾಗ ಹಿರಿಯ ಸಂಘಕ್ಕೆ ಅದನ್ನು ಸಮನಾಗಿ ನೋಡಲು ಆಗಲಿಲ್ಲ. ಬೆಳೆಸಿದ ಕೈಗೇ ಬೆಳೆದವರನ್ನು ತಡೆದುಕೊಳ್ಳಲಾಗದೆ ಹೋಯಿತು. ಮರುವರ್ಷ ಸೇವಾ ತನ್ನ ಪಾಕ್ಷಿಕ ಪತ್ರಿಕೆಯನ್ನು ಶುರುಮಾಡಿದಾಗ ಅದಕ್ಕೆ ಇಟ್ಟ ಹೆಸರು ಅನಸೂಯಾ. ಸಂಘ ಹೊರಹಾಕಿತು, ದೊಡ್ಡಕ್ಕನನ್ನು ಮಾತ್ರ ಇವರು ಬಿಟ್ಟುಕೊಡಲಿಲ್ಲ. 1996ರಲ್ಲಿ ಮನೆಯಲ್ಲೇ ಕೂತು ದುಡಿಯುವವರ ಬಗ್ಗೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 177ನೇ ಒಡಂಬಡಿಕೆಯನ್ನು ಅಂಗೀಕರಿಸಿದ್ದರ ಹಿಂದೆ ಈ ಹೆಂಗಸರ ದೀರ್ಘ ಒತ್ತಾಯ ಇತ್ತು. ಇಳಾ ಭಟ್ 2022ರ ನವೆಂಬರಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಸೇವಾದ ಸದಸ್ಯರು ಇಪ್ಪತ್ತು ಲಕ್ಷ ದಾಟಿದ್ದರು.

ಹಿರಿಯರ ಆಸರೆಯೇ ಇಲ್ಲದೆ ಎದ್ದ ಹೋರಾಟವೂ ಇದೆ. 2015ರ ಸೆಪ್ಟೆಂಬರಿನಲ್ಲಿ ಕೇರಳದ ಮುನ್ನಾರಿನ ಟೀ ತೋಟದ ಹೆಂಗಸರು, ಬಹುಪಾಲು ತಮಿಳು ಮಾತಾಡುವ ದಲಿತರು, ಶೇ. 20 ಬೋನಸ್ ಕೇಳಿ ರಸ್ತೆಗೆ ಕೂತರು. ತಮ್ಮ ಹೆಸರಿನಲ್ಲಿ ದಶಕಗಳಿಂದ ಮಾತಾಡುತ್ತಿದ್ದ ಯೂನಿಯನ್ ಗಂಡಸರನ್ನು ಹತ್ತಿರ ಸೇರಿಸಲಿಲ್ಲ. ಒಂಬತ್ತು ದಿನದಲ್ಲಿ ಗೆದ್ದರು. ಪೆಂಬಿಳೈ ಒರುಮೈ ಎಂಬ ಅವರ ಸಂಘ ದೇಶಕ್ಕೆಲ್ಲ ಗೊತ್ತಾಯಿತು. ಕೆಲವೇ ದಿನಗಳಲ್ಲಿ ಅದರಲ್ಲಿ ಒಡಕು ಬಂತು. ಹೆಂಗಸರಿಗೆ ಒಗ್ಗಟ್ಟಿಲ್ಲ ಎಂದು ಆಗ ಕೈತಟ್ಟಿ ನಕ್ಕವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅಷ್ಟು ವರ್ಷ ಚಂದಾ ವಸೂಲಿ ಮಾಡಿದ ಸಂಘಗಳು ಆ ಹೆಂಗಸರಿಗೆ ಸಭೆ ನಡೆಸುವುದನ್ನು, ಲೆಕ್ಕ ಇಡುವುದನ್ನು, ಭಿನ್ನಾಭಿಪ್ರಾಯವನ್ನು ಒಡೆಯದ ಹಾಗೆ ನಿಭಾಯಿಸುವುದನ್ನು ಕಲಿಸಿದ್ದವೇ? ಆ ಪ್ರಶ್ನೆಯನ್ನು ನಕ್ಕವರು ಕೇಳಿಕೊಳ್ಳಲಿಲ್ಲ.

ಈಗ ನಮ್ಮ ಬೆಂಗಳೂರಿಗೆ ಬರುತ್ತೇನೆ.

2016ರ ಏಪ್ರಿಲ್ 18, ಸೋಮವಾರ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೆ ಇಳಿದರು. ಮರುದಿನ ಜಾಲಹಳ್ಳಿ ಕ್ರಾಸ್, ಪೀಣ್ಯ, ತುಮಕೂರು ರಸ್ತೆ ಎಲ್ಲ ನಿಂತುಹೋಯಿತು. ಕಾರಣ ಆ ವರ್ಷ ಫೆಬ್ರವರಿ 10ರ ಅಧಿಸೂಚನೆ: ಕೆಲಸ ಬಿಟ್ಟವರು ಭವಿಷ್ಯನಿಧಿಯಲ್ಲಿ, ಎಂದರೆ ಪಿಎಫ್‌ನಲ್ಲಿ, ತಮ್ಮ ಪಾಲನ್ನಷ್ಟೇ ತೆಗೆದುಕೊಳ್ಳಬಹುದು, ಮಾಲೀಕರ ಪಾಲು ಬೇಕಾದರೆ 58 ವರ್ಷ ಆಗುವ ತನಕ ಕಾಯಬೇಕು. ಮಗಳ ಮದುವೆಗೆ, ಮಗನ ಕಾಲೇಜು ಫೀಸಿಗೆ, ಊರಿನ ಸಾಲಕ್ಕೆ ಪಿಎಫ್ ಒಂದನ್ನೇ ನಂಬಿದ್ದ ಹೆಂಗಸರಿಗೆ ಇದು ತಮ್ಮ ದುಡ್ಡನ್ನೇ ಕಿತ್ತುಕೊಂಡ ಹಾಗೆ ಆಯಿತು. ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ವಾಹನಗಳಿಗೆ ಬೆಂಕಿ ಬಿತ್ತು. 19ರ ಸಂಜೆ ಕೇಂದ್ರದ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆಯನ್ನು ಹಿಂದಕ್ಕೆ ಪಡೆದರು. ಎರಡೇ ದಿನದಲ್ಲಿ ಇಡೀ ದೇಶದ ಕಾರ್ಮಿಕರ ಹಣವನ್ನು ನಮ್ಮ ಈ ಹೆಂಗಸರು ಉಳಿಸಿಕೊಟ್ಟರು.

ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ. ಮಾತಾಡಲು ಮುಖಂಡರೇ ಸಿಗುತ್ತಿಲ್ಲ ಎಂದು ಪೊಲೀಸರು ಪೇಚಾಡಿದರು. ಮುಖಂಡರಿಲ್ಲದೆ ಸಾವಿರಾರು ಜನ ಒಂದೇ ಗಳಿಗೆಯಲ್ಲಿ ಮಿಷನ್ ನಿಲ್ಲಿಸಿ ಎದ್ದು ಬರುತ್ತಾರೆಯೇ? ಪ್ರತಿ ಲೈನಿನಲ್ಲೂ ಉಳಿದವರು ಮುಖ ನೋಡುವ ಒಬ್ಬಳು ಇದ್ದೇ ಇರುತ್ತಾಳೆ. ಸೂಪರ್‌ವೈಸರ್ ಬೈದಾಗ ತಿರುಗಿ ಕೇಳುವವಳು, ಹೊಸದಾಗಿ ಸೇರಿದ ಹೆಲ್ಪರ್ ಹುಡುಗಿಗೆ ಟಾರ್ಗೆಟ್ ಮುಟ್ಟಿಸುವ ಉಪಾಯ ಹೇಳಿಕೊಡುವವಳು, ವಠಾರದಲ್ಲಿ ಚೀಟಿ ನಡೆಸುವವಳು. ಅವಳ ಮಾತು ಊಟದ ಬಿಡುವಿನಲ್ಲಿ ಒಂದು ಫ್ಲೋರಿನಿಂದ ಇನ್ನೊಂದಕ್ಕೆ ಹರಿಯುತ್ತದೆ. ಸಂಘಗಳ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ, ಅಷ್ಟೇ.

ಅಂಥವಳೊಬ್ಬಳು ಸಂಘಕ್ಕೆ ಬಂದ ಮೇಲೆ ಏನು ಮಾಡುತ್ತಾಳೆ ಎಂಬುದನ್ನು ಪೀಣ್ಯದ ಕಡೆಯ ಒಂದು ಚಿಕ್ಕ ಕಚೇರಿಯಲ್ಲಿ ಭಾನುವಾರ ನೋಡಿದ್ದೇನೆ. ಚಾಪೆಯ ಮೇಲೆ ಹತ್ತು ಹನ್ನೆರಡು ಜನ, ಮಡಿಲಲ್ಲಿ ಮಕ್ಕಳು. ಪಾಠ ಹೇಳುತ್ತಿದ್ದವರು ಬಹಳ ವರ್ಷ ಕಾಲರ್ ಹೊಲಿದ ಟೈಲರ್. ವಿಷಯ ಸಂಬಳದ ಚೀಟಿ.

"ಕೈಗೆ ಬಂದಿದ್ದು ಸರಿ ಇದ್ಯಲ್ಲಕ್ಕ, ಇನ್ನೇನು ನೋಡೋದು?" ಅಂದಳು ಒಬ್ಬ ಹುಡುಗಿ.

"ಕೈಗೆ ಬಂದಿದ್ದು ಕೊನೇಲಿ ನೋಡು. ಮೊದ್ಲು ಎಷ್ಟು ದಿನ ಹಾಕವ್ರೆ ನೋಡು. ಆಮೇಲೆ ಬೇಸಿಕ್ಕು, ಡಿಎ."

ಬೇಸಿಕ್ಕೂ ಡಿಎಯೂ ಸೇರಿ 12,000 ಇದ್ದರೆ ಶೇ. 12ರಂತೆ ಪಿಎಫ್ 1,440 ರೂಪಾಯಿ ಹಿಡಿಯುತ್ತಾರೆ. ಬೇರೆ ಭತ್ಯೆ ಇಲ್ಲದಿದ್ದರೆ ಇಎಸ್‌ಐ ಶೇ. 0.75ರಂತೆ 90. ಕಂಪನಿಯೂ 1,440 ಹಾಕಬೇಕು. ಅದರಲ್ಲಿ ಸುಮಾರು 1,000 ಪಿಂಚಣಿಗೆ ಹೋಗುತ್ತದೆ, 440 ಪಿಎಫ್ ಖಾತೆಗೆ. "ರಸ್ತೆಗೆ ಬಂದಿದ್ವಲ್ಲ, ಈ ನಾನೂರ ನಲ್ವತ್ತಕ್ಕೇ" ಅಂದರು ಅವರು. ಆಮೇಲೆ ತಾವು ಸುಮ್ಮನಾಗಿ, ಪ್ರಶ್ನೆ ಕೇಳಿದ ಹುಡುಗಿಯ ಕೈಗೇ ಪೆನ್ನು ಕೊಟ್ಟು ಪಕ್ಕದವಳ ಚೀಟಿಯನ್ನು ಓದಿಸಿದರು. ತಪ್ಪಾದಾಗ ಬಾಯಿ ಹಾಕಲಿಲ್ಲ. ಅವಳೇ ಮತ್ತೆ ಲೆಕ್ಕ ಹಾಕಿ, ಒಂದು ದಿನದ ಕೂಲಿ ಕಡಿಮೆ ಬಿದ್ದಿರುವುದನ್ನು ಕಂಡುಹಿಡಿದಳು. ಅದಕ್ಕೆ ಅರ್ಜಿ ಹೇಗೆ ಬರೆಯಬೇಕೆಂಬುದು ಮುಂದಿನ ಭಾನುವಾರದ ಪಾಠ.

ಇದು ಚಿಕ್ಕ ವಿಷಯ ಎಂದು ಅನಿಸಬಹುದು. ಭಾನುವಾರ ಒಂದೇ ಅವರಿಗೆ ಬಟ್ಟೆ ಒಗೆಯುವ ದಿನ, ನೀರು ಹಿಡಿಯುವ ದಿನ, ಊರಿನಿಂದ ನೆಂಟರು ಬರುವ ದಿನ. ಆ ದಿನದಲ್ಲಿ ಎರಡು ಗಂಟೆ ಬಿಡಿಸಿಕೊಂಡು ಬರಬೇಕಾದರೆ ಯಾರಾದರೂ ಮನೆಗೆ ಹೋಗಿ ಗಂಡನ ಹತ್ತಿರ, ಅತ್ತೆಯ ಹತ್ತಿರ ಮಾತಾಡಿರಬೇಕು. ಆ ಕೆಲಸವನ್ನೂ ಹಿರಿಯ ಅಕ್ಕಂದಿರೇ ಮಾಡುತ್ತಾರೆ. ಸಂಘದ ವಾರ್ಷಿಕ ವರದಿಗಳಲ್ಲಿ ಈ ಓಡಾಟಕ್ಕೆ ಒಂದು ಸಾಲೂ ಸಿಗುವುದಿಲ್ಲ.

ಈ ದಾರಿಯಲ್ಲಿ ನಡೆದ ಸಂಘಗಳು ನಮ್ಮಲ್ಲಿ ಇವೆ. ಗಾರ್ಮೆಂಟ್ ಲೇಬರ್ ಯೂನಿಯನ್ ಹೆಂಗಸರೇ ನಡೆಸುವ ಸಂಘ. ಅದರ ಮುಂದಾಳು ವಿ.ಪಿ. ರುಕ್ಮಿಣಿ ಗಾರ್ಮೆಂಟ್ಸ್‌ನಲ್ಲೇ ದುಡಿದು ಬಂದವರು. ಅಂಗನವಾಡಿಯವರ ಕಥೆ ಬೇರೆ ಬಗೆಯದು. ದಿನವೂ ರಿಜಿಸ್ಟರ್ ಬರೆಯುವ, ಊರಿನ ಪ್ರತಿ ಮನೆಯನ್ನೂ ಬಲ್ಲ ಹೆಂಗಸರಾದ್ದರಿಂದ ಸಂಘದ ಕಾಗದಪತ್ರ ಅವರಿಗೆ ಹೊಸದಾಗಲಿಲ್ಲ. ತಾಲ್ಲೂಕು ಮಟ್ಟದಲ್ಲೇ ಮುಂದಾಳುಗಳು ತಯಾರಾದರು. 2017ರ ಮಾರ್ಚಿನಲ್ಲಿ ಅವರು ಬೆಂಗಳೂರಿನ ರಸ್ತೆಯಲ್ಲೇ ಮಲಗಿ ರಾತ್ರಿಗಳನ್ನು ಕಳೆದದ್ದು ನಿಮಗೆ ನೆನಪಿರಬಹುದು. 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿಯವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದಾಗ, ಆ ತೀರ್ಪನ್ನು ಇಲ್ಲಿ ಜಾರಿ ಮಾಡಿಸಲು ಮರುವರ್ಷ ಜನವರಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಬಂದು ಕೂತರು. ಎಸ್. ವರಲಕ್ಷ್ಮಿ ಅಂಥ ಮುಂದಾಳುಗಳ ಸಾಲಿನಲ್ಲಿ ಎಲ್ಲರಿಗೂ ಪರಿಚಿತ ಹೆಸರು.

ಇಷ್ಟಿದ್ದೂ ಹೆಚ್ಚಿನ ಸಂಘಗಳಲ್ಲಿ ಹೆಂಗಸರಿಗೆ ಸಿಗುವುದು ಮಹಿಳಾ ಘಟಕ, ಇಲ್ಲವೇ ಉಪಾಧ್ಯಕ್ಷ ಸ್ಥಾನ. ಪ್ರಧಾನ ಕಾರ್ಯದರ್ಶಿಯ ಸ್ಥಾನ, ಖಜಾಂಚಿಯ ಸ್ಥಾನ ಬೇರೆಯವರಿಗೆ. ಪತ್ರಕ್ಕೆ ಸಹಿ ಹಾಕುವವರು, ಬ್ಯಾಂಕಿಗೆ ಹೋಗುವವರು, ಲೇಬರ್ ಆಫೀಸಿನಲ್ಲಿ ಕೂತು ಮಾತಾಡುವವರು ಯಾರೋ ಅವರೇ ಸಂಘ. ಉಳಿದವರು ಸಭೆಗೆ ಜನ.

ಶ್ರೀರಂಗಪಟ್ಟಣದ ವಿಷಯ ಹೇಳಿ ಮುಗಿಸುತ್ತೇನೆ. 2020ರ ಜೂನಿನಲ್ಲಿ, ಕೊರೊನಾದ ನಡುವೆ, ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನವರ ಅಲ್ಲಿನ ಕಾರ್ಖಾನೆ ಸಾವಿರಕ್ಕೂ ಹೆಚ್ಚು ಮಂದಿಯನ್ನು ಮನೆಗೆ ಕಳಿಸಿತು. ಬಹುಪಾಲು ಹೆಂಗಸರು, ಸುತ್ತಲಿನ ಹಳ್ಳಿಗಳವರು. ಗಾರ್ಮೆಂಟ್ ಮತ್ತು ಜವಳಿ ಕಾರ್ಮಿಕರ ಸಂಘದ ಸದಸ್ಯರು ಹೆಚ್ಚಾಗಿದ್ದ ಕಾರ್ಖಾನೆ ಅದು. ವಾರಗಟ್ಟಲೆ ಧರಣಿ ಕೂತರು. ಒಂದು ಹಂತದಲ್ಲಿ ಕೈಯಲ್ಲಿ ಕಾಸಿಲ್ಲದೆ ಅನೇಕರು ರಾಜೀನಾಮೆಗೆ ಸಹಿ ಹಾಕಬೇಕಾಯಿತು. ಸೋತೆವು ಎಂದೇ ಎಲ್ಲರಿಗೂ ಅನಿಸಿತ್ತು. ಆರ್. ಪ್ರತಿಭಾ ಅಧ್ಯಕ್ಷೆಯಾಗಿದ್ದ ಆ ಸಂಘ ಬಿಡಲಿಲ್ಲ. ಬಟ್ಟೆ ಕೊಳ್ಳುವ ವಿದೇಶಿ ಕಂಪನಿಯ ತನಕ ವಿಷಯ ಒಯ್ದರು, ಅಂತಾರಾಷ್ಟ್ರೀಯ ಕಾರ್ಮಿಕ ಒಕ್ಕೂಟವನ್ನು ಜೊತೆಗೆ ಕರೆದುಕೊಂಡರು. 2021ರ ಆರಂಭದಲ್ಲಿ ಒಪ್ಪಂದವಾಯಿತು: ಕೆಲಸ ಕಳೆದುಕೊಂಡವರಿಗೆ ಮರಳಿ ಕೆಲಸ, ಸಂಘಕ್ಕೆ ಮಾನ್ಯತೆ. ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಇಂಥದ್ದು ವಿರಳ. ಅದೂ ಬೀದಿಯಿಂದ ಹೊರಟು ಸಹಿಯ ಜಾಗದ ತನಕ ಹೆಂಗಸರ ಮುಂದಾಳುತನದಲ್ಲೇ ಹೋಗಿ ಮುಟ್ಟಿದ್ದು.

ಇಲ್ಲಿ ಬಂದಿರುವ ಸಂಘಗಳ ಗೆಳೆಯರನ್ನು ಕೇಳಿಕೊಳ್ಳುವುದು ಇಷ್ಟೇ. ಮುಂದಿನ ಸಲ ಆಡಳಿತ ಮಂಡಳಿಯವರ ಜೊತೆ ಮಾತುಕತೆಗೆ ಹೋಗುವಾಗ ಲೈನಿನಿಂದ ಒಬ್ಬ ಕಿರಿಯಳನ್ನು ಕರೆದುಕೊಂಡು ಹೋಗಿ. ನಡಾವಳಿ ಪುಸ್ತಕವನ್ನು ಅವಳೇ ಬರೆಯಲಿ. ಅದರ ಮುಂದಿನ ಸಲ ಅವಳು ಮಾತಾಡಲಿ. ನೀವು ಪಕ್ಕದಲ್ಲಿ ಕೂತಿರಿ.